ಹತ್ತನೆಯ ಗ್ರಹದ ಮೇಲೆ ಹೊರಿಸಿದ ಕೊಲೆ

ಅಲೆವೂರಿನ ತಾರಾನಾಥನಿಗೆ ತಲೆ ಸರಿ ಇಲ್ಲ ಎನ್ನುವವರು ಈಗಲೂ ಇದ್ದಾರೆ. ನನ್ನ ಜೀಪಿನಲ್ಲಿ ಕೂತು ಹಾಗೆ ಹೇಳಿದ ಒಬ್ಬನನ್ನು ನಾನು ನಡುದಾರಿಯಲ್ಲೇ ಇಳಿಸಿದ್ದೇನೆ. ಬಾಡಿಗೆ ಹೋದರೆ ಹೋಗಲಿ. ಪ್ಲೂಟೊದಿಂದಲೂ ಆಚೆ ಇರುವ ಒಂದು ಹಿಮದ ಗಡ್ಡೆಯ ಮೇಲೆ ತಾರಾನಾಥ ತನ್ನ ತಮ್ಮನ ಕೊಲೆ ಹೊರಿಸಿದ್ದು ನಿಜ. ಆದರೆ ಕೇಳಿ ನಗುವ ಮೊದಲು ಆ ಸಾವು ಹೇಗಾಯಿತು ಎಂದು ತಿಳಿದಿರಬೇಕು. ನನಗೆ ತಿಳಿದಿದೆ. ರಕ್ತ ಸುರಿದದ್ದು ನನ್ನ ಜೀಪಿನಲ್ಲಿ.

ನಾನು ಶಿರ್ವದ ಲಿಗೋರಿ. ಭಾನುವಾರ ಬೆಳಿಗ್ಗೆ ಜನರನ್ನು ಇಗರ್ಜಿಗೆ ಬಿಡುತ್ತಿದ್ದೆ, ಮಧ್ಯಾಹ್ನದ ಮೇಲೆ ಕೋಳಿ ಅಂಕಕ್ಕೆ, ಎಂದರೆ ಹುಂಜಗಳ ಕಾಳಗಕ್ಕೆ, ಬಿಡುತ್ತಿದ್ದೆ. ಭಕ್ತಿ ಯಾವ ಕಡೆ ಹೆಚ್ಚಿರುತ್ತಿತ್ತು ಎಂದು ನನ್ನಿಂದ ಹೇಳಿಸಬೇಡಿ. ತಾರಾನಾಥ ನನ್ನ ಖಾಯಂ ಗಿರಾಕಿ. ಅಲೆವೂರಿನ ಬಸ್ಸು ನಿಲ್ಲುವಲ್ಲಿ ಅವನದೊಂದು ಕೋಳಿ ಅಂಗಡಿ. ಗಿರಾಕಿ ಬೆರಳು ತೋರಿಸಿದ ಕೋಳಿಯನ್ನು ಗೂಡಿನಿಂದ ಎಳೆದು, ಕುತ್ತಿಗೆಗೆ ಕತ್ತಿ ಹಾಕಿ, ನೀಲಿ ಡ್ರಮ್ಮಿಗೆ ಎಸೆಯುತ್ತಿದ್ದ. ಅದು ಒಳಗೆ ಧಡಧಡ ಬಡಿದುಕೊಳ್ಳುತ್ತಿದ್ದರೆ ಇವನು ಹೊರಗೆ ಗಿರಾಕಿಯ ಮಗಳ ಮದುವೆಯ ವಿಷಯ ವಿಚಾರಿಸುತ್ತಿದ್ದ. ಗಿಡ್ಡ ಆಳು, ದಪ್ಪ ಕುತ್ತಿಗೆ, ಮೂಗಿನ ತುದಿಯಲ್ಲಿ ಕೋಪ.

ಅವನಿಗೆ ಹೆಸರು ಬಂದದ್ದು ಮಾತ್ರ ಅಂಗಡಿಯಿಂದಲ್ಲ, ಬಾಳು ಕಟ್ಟುವುದರಿಂದ. ಅಂಕದ ಹುಂಜದ ಕಾಲಿಗೆ ಕಟ್ಟುವ ಸಣ್ಣ ಕತ್ತಿಗೆ ನಮ್ಮಲ್ಲಿ ಬಾಳು ಎನ್ನುತ್ತಾರೆ. ಬೆರಳುದ್ದದ ಅಲಗು, ಕ್ಷೌರದ ಕತ್ತಿಗಿಂತ ಹರಿತ. ಹುಂಜದ ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಬಾಳನ್ನು ಇಟ್ಟು, ಒದ್ದೆ ನೂಲಿನಿಂದ ಬಿಗಿಯಬೇಕು. ಹೆಚ್ಚಾದರೆ ಕಾಲು ಮರಗಟ್ಟುತ್ತದೆ. ಕಡಿಮೆಯಾದರೆ ಮೊದಲ ಹಾರಿಕೆಗೇ ಬಾಳು ಓರೆಯಾಗಿ ಹೊರಕ್ಕೆ ತಿರುಗುತ್ತದೆ. ತಾರಾನಾಥ ಗಂಟಿನ ಮೇಲೆ ಬಲ ಹೆಬ್ಬೆರಳು ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಬಿಡಿ" ಎನ್ನುತ್ತಿದ್ದ. ಅವನು ಕಟ್ಟಿದ್ದು ಜಾರಿತೆಂಬ ಮಾತನ್ನು ಕಾರ್ಕಳದಿಂದ ಕಾಪುವರೆಗೆ ಯಾರೂ ಕೇಳಿರಲಿಲ್ಲ. ಕಟ್ಟುವವರಲ್ಲಿ ಒಂದು ಮಾತಿದೆ: ಸರಿಯಾಗಿ ಕಟ್ಟಿದ ಬಾಳು ಮನುಷ್ಯನನ್ನು ಮುಟ್ಟುವುದಿಲ್ಲ. ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಇದನ್ನೇ ಹೇಳುತ್ತಿದ್ದ. ಕೊನೆಗೆ ಅದೇ ಮಾತು ಅವನ ಕುತ್ತಿಗೆಗೆ ಬಂತು.

ಅವನ ಇನ್ನೊಂದು ನಂಬಿಕೆ ಕುಕ್ಕುಟ ಪಂಚಾಂಗ. ಯಾವ ವಾರ, ಯಾವ ನಕ್ಷತ್ರದಲ್ಲಿ ಯಾವ ಬಣ್ಣದ ಹುಂಜ ಯಾವುದನ್ನು ಕೊಲ್ಲುತ್ತದೆ, ಯಾವ ದಿಕ್ಕಿನಿಂದ ಬಿಡಬೇಕು, ಎಲ್ಲವೂ ಅದರಲ್ಲಿದೆ. ಬಿಳಿಯದು ಬೊಳ್ಳೆ, ಕೆಂಪು ಕೆಮ್ಮೈರೆ, ಕಪ್ಪು ಕಕ್ಕೆ. ಅಂಕಕ್ಕೆ ಹೋಗುವವರೆಲ್ಲ ಅದನ್ನು ನೋಡುತ್ತಾರೆ, ಸೋತ ಮೇಲೆ ಬೈಯುತ್ತಾರೆ. ತಾರಾನಾಥ ಬೈದದ್ದಿಲ್ಲ. ಹಿರಿಯರು ಗ್ರಹ ನಕ್ಷತ್ರ ಲೆಕ್ಕ ಹಾಕಿ ಬರೆದದ್ದು ತಪ್ಪಲು ಸಾಧ್ಯವಿಲ್ಲ, ತಪ್ಪಿದರೆ ನೋಡಿದವನ ಕಣ್ಣು ತಪ್ಪಿರಬೇಕು ಎನ್ನುತ್ತಿದ್ದ.

ಸಾವಿರದ ಒಂಬೈನೂರ ತೊಂಬತ್ತೆಂಟರ ಬೇಸಿಗೆ. ನಂದಿಕೂರಿನ ಕೆಂಪು ಮುರಕಲ್ಲಿನ ಬಯಲಿನಲ್ಲಿ ಅಂಕ ಇತ್ತು. ಆ ದಿನ ಪಂಚಾಂಗದಲ್ಲಿ ಕೆಮ್ಮೈರೆಗೆ ಗೆಲುವು, ಬೊಳ್ಳೆಗೆ ಸಾವು. ತಾರಾನಾಥನ ತಮ್ಮ ಲೋಕನಾಥ ಕೆಮ್ಮೈರೆ ಹಿಡಿದಿದ್ದ. ಮೀಸೆ ಆಗಷ್ಟೇ ದಪ್ಪವಾಗುತ್ತಿದ್ದ, ಅಣ್ಣನ ಮಾತನ್ನು ವೇದವೆಂದು ನಂಬುವ ಹುಡುಗ. ಎದುರು ಬೂಬನ ಬೊಳ್ಳೆ. ಬೂಬ ಎಂದರೆ ಬೈಲೂರಿನ ಲಾರಿ ಮಾಲಕ, ಲಾರಿಗಿಂತ ಬಾಯಿ ದೊಡ್ಡದು. ಕಾಪುವಿನ ಕೋಳಿ ವ್ಯಾಪಾರಿ ಮೂಸಾನಿಂದ ಆ ವಾರವಷ್ಟೇ ಆ ಹುಂಜ ತಂದಿದ್ದ. ಬೂಬನ ಕಡೆಯ ಬಾಳು ಕಟ್ಟುವವನು ಕುಡಿದು ಗೇರುಮರದ ಬುಡದಲ್ಲಿ ಬಿದ್ದಿದ್ದರಿಂದ ಬೂಬ ಹುಂಜವನ್ನು ತಾರಾನಾಥನ ಮುಂದೆ ಹಿಡಿದ. ಕೇಳಿದವರಿಗೆ ಕಟ್ಟಿಕೊಡಬೇಕು, ಎದುರಾಳಿಯಾದರೂ ಸರಿ. ಅದು ಕಟ್ಟುವವರ ಮರ್ಯಾದೆ. ತಮ್ಮನ ಹುಂಜಕ್ಕೂ ತಮ್ಮನ ಎದುರಿನ ಹುಂಜಕ್ಕೂ ತಾರಾನಾಥನೇ ಬಾಳು ಕಟ್ಟಿದ.

ನಾನು ದೂರದಲ್ಲಿ ಜೀಪಿನ ಬಾನೆಟ್ಟಿನ ಮೇಲೆ ನಿಂತು ನೋಡುತ್ತಿದ್ದೆ. ಎರಡೂ ಹುಂಜಗಳು ಗಾಳಿಯಲ್ಲಿ ಸೇರಿದವು, ಬಿದ್ದವು, ಮತ್ತೆ ಸೇರಿದವು. ಕೆಮ್ಮೈರೆಯ ಹೊಟ್ಟೆ ಬಿರಿದು ಕರುಳು ಮಣ್ಣಿಗೆ ಬಿತ್ತು. ಜನರ ಬೊಬ್ಬೆ ಏರಿತು. ಲೋಕನಾಥ ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದ. ಬೊಳ್ಳೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇನ್ನೊಮ್ಮೆ ಹಾರಿತು. ಲೋಕನಾಥ ತೊಡೆ ಹಿಡಿದುಕೊಂಡು ಕೂತ. ಮೊದಲು ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಅವನ ಬೆರಳುಗಳ ಸಂದಿನಿಂದ ರಕ್ತ ಚಿಮ್ಮಿತು, ಪೈಪು ಒಡೆದ ಹಾಗೆ. ಯಾರೋ "ಪೊಲೀಸ್" ಎಂದು ಕೂಗಿದರು. ಬಂದಿದ್ದರೋ ಇಲ್ಲವೋ, ಬಯಲು ಖಾಲಿಯಾಯಿತು.

ನಾನು ಜೀಪನ್ನು ಹುಂಜಗಳ ನಡುವಿಗೇ ನುಗ್ಗಿಸಿದೆ. ತಾರಾನಾಥ ತಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಗಾಯದೊಳಗೆ ಹೆಬ್ಬೆರಳು ಒತ್ತಿ ಹಿಡಿದ. ಕಾಪು ದಾಟಿ, ಕಟಪಾಡಿಯಲ್ಲಿ ಒಳದಾರಿ ಹಿಡಿದೆ. ಪ್ರತಿ ಹೊಂಡಕ್ಕೂ ಬೆರಳು ಜಾರುತ್ತಿತ್ತು, ಪ್ರತಿ ಸಲವೂ ರಕ್ತ ನನ್ನ ಕುತ್ತಿಗೆಯವರೆಗೆ ಹಾರುತ್ತಿತ್ತು. "ಅಣ್ಣ, ಚಳಿ ಆಗ್ತದೆ," ಎಂದ ಲೋಕನಾಥ. ಬೇಸಿಗೆಯ ಸುಡುಬಿಸಿಲು ಅದು. ಅಲೆವೂರಿನಲ್ಲಿ ಅವರದೇ ಅಂಗಡಿಯ ಎದುರು ಹೋಗುವಾಗ ಹಿಂದಿನಿಂದ ಮಾತು ನಿಂತಿತ್ತು. ಮಣಿಪಾಲದಲ್ಲಿ ಅವನನ್ನು ಇಳಿಸಿಕೊಂಡವರು ಅವಸರ ಮಾಡಲಿಲ್ಲ. ಅವಸರ ಮಾಡದಿರುವುದನ್ನು ಕಂಡಾಗಲೇ ನಾನು ಜೀಪಿಗೆ ಒರಗಿ ಅತ್ತೆ.

ಶವ ಸುಟ್ಟ ಬೂದಿ ಆರುವ ಮೊದಲೇ ಬೂಬ ಬಾಯಿ ಬಿಟ್ಟ. "ಕಟ್ಟು ಸಡಿಲ ಇತ್ತು ಮಾರಾಯ. ಸರಿಯಾಗಿ ಕಟ್ಟಿದ ಬಾಳು ಮನುಷ್ಯನನ್ನು ಮುಟ್ಟುವುದಿಲ್ಲ ಅಂತ ಹೇಳ್ತಿದ್ದದ್ದು ಅವನೇ ಅಲ್ವಾ?" ಆ ಬಾಳನ್ನು ನೋಡಿದ್ದರೆ ಒಂದು ತೀರ್ಮಾನವಾಗುತ್ತಿತ್ತು. ಆದರೆ ಓಡುವ ಗಲಾಟೆಯಲ್ಲಿ ಬೊಳ್ಳೆಯೂ ಅದರ ಕಾಲಿನ ಬಾಳೂ ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ.

ಆಮೇಲಿನ ತಾರಾನಾಥ ಬೇರೆಯೇ ತಾರಾನಾಥ. ಬಾಳು ಕಟ್ಟುವುದನ್ನು ಬಿಡಲಿಲ್ಲ, ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದ. ಶೇಂದಿ ಅಂಗಡಿಯಲ್ಲಿ "ಕಟ್ಟು" ಎಂಬ ಮಾತು ಯಾರ ಬಾಯಲ್ಲಿ ಬಂದರೂ ಎದ್ದು ಹೊಡೆಯುತ್ತಿದ್ದ. ಒಮ್ಮೆ ಒಬ್ಬ ತನ್ನ ಮನೆಯ ದೇವರ ಫೋಟೊಗೆ ಹೊಸದಾಗಿ ಕಟ್ಟು ಹಾಕಿಸುವ ವಿಷಯ ಹೇಳುತ್ತಿದ್ದನಷ್ಟೆ, ಅವನ ಹಣೆಗೆ ಬಾಟಲಿ ಬಿತ್ತು. ಅವನ ತಲೆಗೆ ಹೊಲಿಗೆ ಹಾಕಿಸಿ ಕರೆತಂದವನೂ ನಾನೇ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಯಾವುದಾದರೂ ಕೋಳಿಯ ಕಾಲಿಗೆ ನೂಲು ಸುತ್ತಿ, ಗಂಟು ಹಾಕಿ, ಎಳೆದು, ಬಿಚ್ಚಿ, ಮತ್ತೆ ಸುತ್ತುತ್ತಿದ್ದ.

ಕ್ರೈಸ್ತರನ್ನು ನಮ್ಮಲ್ಲಿ ಪೊರ್ಬು ಎಂದು ಕರೆಯುತ್ತಾರೆ; ಅವನು ನನ್ನನ್ನು ಒಮ್ಮೆ ಕೇಳಿದ, "ಪೊರ್ಬುಗಳೇ, ನೀವು ಮೇಲಿಂದ ನೋಡಿದ್ದಲ್ವಾ? ಬಾಳು ಓರೆ ಇತ್ತಾ?"

"ಅಷ್ಟು ದೂರದಿಂದ ನನಗೆ ಎಂತ ಕಾಣ್ತದೆ, ತಾರಾನಾಥ?" ಎಂದೆ. ಅದು ನಿಜ. ಅವನಿಗೆ ಬೇಕಾಗಿದ್ದದ್ದು ನಿಜವಲ್ಲ, ಉತ್ತರ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಉತ್ತರ ಸಿಕ್ಕಿತು, ಕೋಳಿ ಕಟ್ಟಿಕೊಡುವ ಪೇಪರಿನಲ್ಲಿ. ಹತ್ತನೆಯ ಗ್ರಹ ಪತ್ತೆ. ಪ್ಲೂಟೊಗಿಂತ ದೂರ, ಪ್ಲೂಟೊಗಿಂತ ದೊಡ್ಡದಿರಬಹುದು. ತಾರಾನಾಥ ಆ ಹಾಳೆಯನ್ನು ರಕ್ತದ ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿದ. ಅಂಗಡಿಯ ಮಾಳಿಗೆಯಲ್ಲಿ ಧಾರವಾಡ ಕಡೆಯ ಶೈಲಶ್ರೀ ಬಾಡಿಗೆಗಿದ್ದರು. ಮಣಿಪಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವರು, ಮಾಂಸ ಮುಟ್ಟದವರು. ಕೆಳಗಿನ ಡ್ರಮ್ಮಿನ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಬಾಗಿಲು ತೆರೆದ ಕೂಡಲೇ ಎರಡು ಹೆಜ್ಜೆ ಹಿಂದೆ ಹೋದರು.

"ಇದು ಸತ್ಯವಾ ಮೇಡಂ?" ಎಂದು ಹಾಳೆ ಚಾಚಿದ.

"ಖರೇನ ಐತ್ರಿ. ಮೊದಲ ಕೈ ತೊಳಕೊಂಡು ಬರ್ರಿ," ಎಂದರು ಆಕೆ.

ಕೈ ತೊಳೆದು ಬಂದವನಿಗೆ ಆಕೆ ತಾಳ್ಮೆಯಿಂದ ಹೇಳಿದರು. ನನಗೆ ಆ ಹೆಣ್ಣುಮಗಳ ಮೇಲೆ ಅಂದಿನಿಂದ ಗೌರವ. ಸೂರ್ಯನ ಬೆಳಕು ಅಲ್ಲಿ ಮುಟ್ಟುವಷ್ಟರಲ್ಲಿ ಮುದಿಯಾಗಿರುತ್ತದಂತೆ. ಅಲ್ಲಿ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬಿದ್ದಿದೆಯಂತೆ. ಒಂದು ಸುತ್ತು ಬರಲು ಅದಕ್ಕೆ ಐನೂರೈವತ್ತು ವರ್ಷದ ಮೇಲೆ ಬೇಕಂತೆ.

"ಅದರ ಬಣ್ಣ ಎಂತದು?" ಇದು ತಾರಾನಾಥನ ಪ್ರಶ್ನೆ.

"ಬರೇ ಹಿಮರೀ. ಬೆಳ್ಳಗಿರತೈತಿ."

"ಈಗ ಯಾವ ನಕ್ಷತ್ರದಲ್ಲಿ ಉಂಟು?"

ಆಕೆ ಒಂದು ನಕ್ಷೆ ತೆಗೆದು ನೋಡಿ ರೇವತಿಯ ಹತ್ತಿರ ಎಂದರು. ತೊಂಬತ್ತೆಂಟರಲ್ಲಿ ಎಲ್ಲಿತ್ತು ಎಂದು ಕೇಳಿದ. ಅಲ್ಲೇ ಇತ್ತು, ಅಷ್ಟು ನಿಧಾನದ್ದು ಏಳು ವರ್ಷದಲ್ಲಿ ಎಷ್ಟು ಸರಿದೀತು ಎಂದರು. ಆತ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಲೋಕನಾಥ ಹುಟ್ಟಿದ್ದು ರೇವತಿಯಲ್ಲಿ.

ಅಂದು ಸಂಜೆ ಅವನು ನನ್ನ ಜೀಪಿನ ಬಾಗಿಲು ಹಿಡಿದು ಹೇಳಿದ್ದು ನನಗೆ ಹಾಗೆಯೇ ನೆನಪಿದೆ. "ಪಂಚಾಂಗ ತಪ್ಪಲಿಲ್ಲ ಪೊರ್ಬುಗಳೇ, ನನ್ನ ಕಟ್ಟೂ ತಪ್ಪಲಿಲ್ಲ. ಹಿರಿಯರು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದರು. ಇದು ಅವರಿಗೆ ಕಾಣಲಿಲ್ಲ. ಬಿಳಿ ಗ್ರಹ. ನನ್ನ ತಮ್ಮನ ನಕ್ಷತ್ರದಲ್ಲೇ ಕೂತು ಬೊಳ್ಳೆಗೆ ಬಲ ಕೊಟ್ಟಿತು."

"ಕಾಣದೇ ಇರುವುದು ಕೋಳಿಯನ್ನು ಹೇಗೆ ಹಾರಿಸ್ತದೆ ಮಾರಾಯ?" ಎಂದೆ.

"ರಾಹು ಕೇತುಗಳಿಗೆ ಮೈಯೇ ಇಲ್ಲ. ಬರೀ ನೆರಳು. ಅವು ಮನೆ ಹಾಳು ಮಾಡುವುದಿಲ್ಲವಾ? ಇದಕ್ಕೆ ಮೈಯಾದರೂ ಉಂಟು."

ನಾನು ಬಾಗಿಲು ತೆರೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಏಳು ವರ್ಷದ ಮೇಲೆ ಆ ಮುಖದಲ್ಲಿ ನಗೆ ಕಂಡಿದ್ದೆ.

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಅಷ್ಟು ನಿಧಾನ ನಡೆಯುವ ಗ್ರಹ ರೇವತಿಯಲ್ಲಿ ಕೂತರೆ ಎದ್ದು ಹೋಗಲು ದಶಕಗಳೇ ಬೇಕು. ಹಾಗಾದರೆ ಅಷ್ಟೂ ವರ್ಷ ಯಾವ ವಾರವಾದರೂ ಬೊಳ್ಳೆಗೇ ಗೆಲುವು. ತಾರಾನಾಥ ಗೂಡಿನಲ್ಲಿದ್ದ ಕಕ್ಕೆ, ಕೆಮ್ಮೈರೆಗಳನ್ನೆಲ್ಲ ಕೊಯ್ದು ಮಾರಿದ. ಬಿಳಿ ಹುಂಜ ಬೇಕೆಂದು ಕಾಪುವಿಗೆ, ಮೂಸಾನ ಮನೆಗೆ ನನ್ನ ಜೀಪಿನಲ್ಲೇ ಹೋದ. ಮೂಸಾ ಬ್ಯಾರಿ ಮುಸಲ್ಮಾನ, ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಕ್ಕಳು ರಾಝಿಕ್, ಮುರ್ಶಿದಾ ಅಂಗಳದಲ್ಲಿ ಹುಂಜಗಳಿಗೆ ಭತ್ತ ಹಾಕುತ್ತಿದ್ದರು. ಬೇಡಿಕೆ ಕೇಳಿ ಮೂಸಾನ ಮುಖ ಬಿಳಿಚಿತು.

"ಬೊಳ್ಳೆಯೇ ಬೇಕಾ ತಾರಾನಾಥಣ್ಣ? ಬೇರೆ ಬಣ್ಣದ್ದು ಚೆನ್ನಾಗಿರುವುದು ಉಂಟು."

"ಬೊಳ್ಳೆಯೇ."

ಮೂಸಾ ಹೆಂಡತಿ ಆಸ್ಯಾಳ ಮುಖ ನೋಡಿದ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಆಮೇಲೆ ಹಿತ್ತಲಿನಿಂದ ಎರಡು ಬೊಳ್ಳೆ ತಂದುಕೊಟ್ಟ. ಎದೆ ಅಗಲ, ಕಣ್ಣು ಕೆಂಡ. ನನಗೂ ಅವುಗಳನ್ನು ಮುಟ್ಟಲು ಭಯವಾಯಿತು.

ಆ ವರ್ಷದ ಅಂಕಗಳಲ್ಲಿ ಆ ಬೊಳ್ಳೆಗಳು ನಡೆಸಿದ ಕೊಲೆಗಳನ್ನು ನಾನು ವರ್ಣಿಸುವುದಿಲ್ಲ. ಎದುರಿನ ಹುಂಜದ ಕತ್ತು ತೊಗಲಿನಲ್ಲಿ ನೇತಾಡುತ್ತಿತ್ತು, ರೆಕ್ಕೆ ಬುಡದಿಂದ ಕಿತ್ತು ಬರುತ್ತಿತ್ತು. ಪಂಚಾಂಗ ನೋಡಿ ಬಂದವರು ಮುಖ ಒಣಗಿಸಿಕೊಂಡು ಹೋದರು. ತಾರಾನಾಥ ಗೆದ್ದಾಗ ಕುಣಿಯುತ್ತಿರಲಿಲ್ಲ. ಸತ್ತ ಹುಂಜವನ್ನು ನೋಡಿ, ಆಮೇಲೆ ಒಂದು ಸಲ ಮೇಲೆ ನೋಡುತ್ತಿದ್ದ. ಹಗಲು ಹೊತ್ತಿನಲ್ಲಿ ಆಕಾಶ ನೋಡಿ "ನೋಡಿದೆಯಾ, ನೀನೇ" ಎಂದು ಹಲ್ಲು ಕಡಿಯುತ್ತಿದ್ದ. ಒಂದೊಂದು ಗೆಲುವೂ ಅವನಿಗೆ ಒಂದೊಂದು ಸಾಕ್ಷಿ. ಪ್ರತಿ ಹೆಣ ಬಿದ್ದಾಗಲೂ ಅವನ ಹೆಬ್ಬೆರಳಿನ ಮೇಲಿನ ಭಾರ ಸ್ವಲ್ಪ ಇಳಿಯುತ್ತಿತ್ತು.

ಮರುವರ್ಷ ಆಗಸ್ಟಿನಲ್ಲಿ ಸಾಕ್ಷಿ ತಿರುಗಿ ಬಿತ್ತು. ಪ್ರಾಗ್ ಎಂಬ ಊರಿನಲ್ಲಿ ವಿಜ್ಞಾನಿಗಳು ಸೇರಿ, ಕೈ ಎತ್ತಿ, ಪ್ಲೂಟೊ ಗ್ರಹವಲ್ಲ ಎಂದರು. ಅದರ ಜೊತೆ ತಾರಾನಾಥನ ಹತ್ತನೆಯದೂ ಹೋಯಿತು. ಎರಡಕ್ಕೂ ಕುಬ್ಜ ಗ್ರಹ ಎಂದು ಹೆಸರು. ಅವನು ಮತ್ತೆ ಮಾಳಿಗೆ ಹತ್ತಿದ, ಈ ಸಲ ಕೈ ತೊಳೆದುಕೊಂಡೇ.

"ಮತ ಹಾಕಿ ಗ್ರಹ ತೆಗೆಯಲಿಕ್ಕೆ ಅದೇನು ಪಂಚಾಯತ್ ಸದಸ್ಯನಾ?" ಎಂದು ಆಕೆಯ ಮೇಲೆ ರೇಗಿದ.

"ಹಂಗಲ್ಲರೀ," ಎಂದರು ಶೈಲಶ್ರೀ. "ಗ್ರಹ ಅನ್ನಿಸಿಕೊಳ್ಳಬೇಕಂದ್ರ ತನ್ನ ದಾರ್ಯಾಗ ಬ್ಯಾರೆ ಯಾರೂ ಇರದಂಗ ಮಾಡಿರಬೇಕು. ಎಲ್ಲಾರನ್ನೂ ಎಳಕೊಂಡು ನುಂಗಬೇಕು, ಇಲ್ಲಾ ಹೊರಗ ಒಗೀಬೇಕು. ಇವು ಅಷ್ಟು ಗಟ್ಟಿ ಅಲ್ಲ. ಅಂಥ ಹಿಮದ ಗಡ್ಡಿ ಅಲ್ಲಿ ಸಾವಿರಾರು ಅದಾವು, ಅವುಗಳ ನಡುವ ಇವೂ ತಿರಗತಾವು."

ತಾರಾನಾಥನಿಗೆ ಇದು ಬೇರೆ ಯಾರಿಗಿಂತಲೂ ಬೇಗ ಅರ್ಥವಾಯಿತು. ಉಳಿದ ಹುಂಜಗಳನ್ನು ಅಂಗಳದಿಂದ ಹೊಡೆದೋಡಿಸದ ಹುಂಜ ಹುಂಜವೇ ಅಲ್ಲ. ಅಂಥದ್ದು ಬೇರೆಯವರ ಜಗಳಕ್ಕೆ ಎಲ್ಲಿಯ ಬಲ ಕೊಡುತ್ತದೆ? ಮೆಟ್ಟಿಲಿಳಿದು ಬಂದವನು ಅಂಗಡಿಯ ಬೆಂಚಿನಲ್ಲಿ ಕೂತು ಹೆಬ್ಬೆರಳನ್ನು ನೋಡುತ್ತಿದ್ದ. ಅವನನ್ನು ಹಾಗೆ ಕಂಡು ನನಗೆ ಆ ವಿಜ್ಞಾನಿಗಳ ಮೇಲೆ ಸಿಟ್ಟು ಬಂತು. ಅಷ್ಟು ದೂರದ ಒಂದು ಗಡ್ಡೆ ಗ್ರಹವಾಗಿಯೇ ಇದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸೆಪ್ಟೆಂಬರಿನಲ್ಲಿ ಅದಕ್ಕೆ ಹೆಸರಿಟ್ಟರು. ಎರಿಸ್. ಗ್ರೀಕರ ಜಗಳದ ದೇವತೆಯಂತೆ. ತಾರಾನಾಥ ಮತ್ತೆ ಚಿಗುರಿದ. "ಗ್ರಹ ಅಲ್ಲದಿದ್ದರೆ ಬೇಡ. ಜಗಳ ಹಚ್ಚುವುದು ಅಂತ ಅವರೇ ಒಪ್ಪಿದರಲ್ಲ," ಎಂದ. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತಿತ್ತು.

ದೀಪಾವಳಿ ಕಳೆದು ಬೈಲೂರಿನ ಗುಡ್ಡೆಯಲ್ಲಿ ಅಂಕ ಶುರುವಾಯಿತು. ನಾನು, 'ಈ ವರ್ಷ ಬೇಡ, ಬೂಬನ ಊರು' ಎಂದು ಹೇಳಿದೆ. ತಾರಾನಾಥ ಬೊಳ್ಳೆಯನ್ನು ಕಂಕುಳಲ್ಲಿಟ್ಟು ಜೀಪು ಹತ್ತಿಯಾಗಿತ್ತು. ಹುಂಜ ಮಾರಲು ಮೂಸಾನೂ ಬಂದಿದ್ದ. ಬೂಬ ಬಯಲಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ.

"ಬಂದ ನೋಡಿ ಜೋಯಿಸ! ನಿನ್ನ ಗ್ರಹವನ್ನು ಕೆಲಸದಿಂದ ತೆಗೆದರಂತೆ ಅಲ್ವಾ ಮಾರಾಯ? ಈಗ ಯಾರ ಮೇಲೆ ಹಾಕ್ತಿ?"

ಜನ ನಕ್ಕರು. ತಾರಾನಾಥ ಕೂತು ಬಾಳಿಗೆ ನೂಲು ಒದ್ದೆ ಮಾಡುತ್ತಿದ್ದ. ಬೂಬ ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅವನ ಬಾಯಿ ಕೇಳಲಿಲ್ಲ. ಹತ್ತಿರ ಬಂದು ಬಗ್ಗಿ, "ಗ್ರಹವೂ ಇಲ್ಲ, ಗ್ರಹಚಾರವೂ ಇಲ್ಲ. ತಮ್ಮನನ್ನು ಕೊಂದದ್ದು ಈ ಬೆರಳು," ಎಂದು ಅವನ ಹೆಬ್ಬೆರಳಿಗೆ ಬೆರಳು ತಾಗಿಸಿದ.

ತಾರಾನಾಥ ಎದ್ದದ್ದು ನನಗೆ ಕಾಣಲಿಲ್ಲ, ಅಷ್ಟು ಬೇಗ. ಬೂಬನ ಮೂಗಿಗೆ ತಲೆಯಿಂದ ಗುದ್ದಿದ, ಎಲುಬು ಮುರಿದ ಸದ್ದು ಕೇಳಿತು. ಕೆಳಗೆ ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಬಾಯಿಗೆ ಗುದ್ದಿದ. ಹಲ್ಲು ತುಟಿಯನ್ನು ತೂರಿ ಬಂತು. ಬೂಬನ ಕಡೆಯವರು ದೊಣ್ಣೆಯಿಂದ ಬೆನ್ನಿಗೆ ಬಾರಿಸಿದರೂ ಅವನು ಅಲುಗಲಿಲ್ಲ. ಎಡಗೈಯಲ್ಲಿ ಬೂಬನ ಕೂದಲು, ಬಲಗೈಯಲ್ಲಿ ಬಾಳು. ಕೋಳಿಯ ಕುತ್ತಿಗೆ ಹಿಡಿದಷ್ಟೇ ಸಲೀಸಾಗಿ ಹಿಡಿದಿದ್ದ. ಬಾಳು ಇಳಿಯುವ ಹೊತ್ತಿಗೆ ಮೂಸಾ ನಡುವೆ ಬಿದ್ದು ಬೂಬನ ಕುತ್ತಿಗೆಗೆ ತನ್ನ ತೋಳು ಅಡ್ಡ ಕೊಟ್ಟ. ಬಾಳು ಮೂಸಾನ ಮೇಲ್ತೋಳಿನ ಒಳಬದಿಯನ್ನು ಎಲುಬಿನವರೆಗೆ ಸೀಳಿತು.

ರಕ್ತ ಅದೇ ರೀತಿ ಚಿಮ್ಮಿತು. ಅದನ್ನು ಕಂಡದ್ದೇ ತಡ, ತಾರಾನಾಥನ ಕೈಯಿಂದ ಬಾಳು ಬಿತ್ತು. ಬಯಲು ಮತ್ತೆ ಖಾಲಿಯಾಯಿತು. ಬೂಬನನ್ನು ಅವನ ಕಡೆಯವರು ಎಳೆದುಕೊಂಡು ಹೋದರು. ಅದೇ ಜೀಪು, ಅದೇ ಹಿಂದಿನ ಸೀಟು, ಅದೇ ಹೆಬ್ಬೆರಳು. ಹಿರಿಯಡ್ಕದ ಕಡೆಗೆ ಜೀಪು ಬಿಟ್ಟೆ. ಕನ್ನಡಿಯಲ್ಲಿ ತಾರಾನಾಥ ಎರಡೂ ಮೊಣಕಾಲಿನಲ್ಲಿ ಮೂಸಾನ ತೋಳನ್ನು ಸೀಟಿಗೆ ಅದುಮಿ, ಗಾಯದೊಳಗೆ ಬೆರಳು ಹೂತು, ತಲೆ ತಗ್ಗಿಸಿ ಕೂತಿದ್ದ.

"ಸಾಯಬೇಡ ಮೂಸಾ. ನಿನ್ನ ಕಾಲಿಗೆ ಬೀಳ್ತೇನೆ, ಸಾಯಬೇಡ," ಎನ್ನುತ್ತಿದ್ದ.

ಹಿರಿಯಡ್ಕ ದಾಟಿದ ಮೇಲೆ ಮೂಸಾ ಕಣ್ಣು ತೆರೆದ. ತಾನು ಉಳಿಯುವುದಿಲ್ಲ ಎಂದೇ ಅವನು ತಿಳಿದಿದ್ದ.

"ತಾರಾನಾಥಣ್ಣ, ಒಂದು ಮಾತು ಹೇಳಲಿಕ್ಕುಂಟು. ನಂದಿಕೂರಿನ ಆ ಬೊಳ್ಳೆ ನನ್ನ ಹತ್ತಿರ ಇತ್ತು."

ನಾನು ಬ್ರೇಕು ತುಳಿಯದೆ ಉಳಿದದ್ದು ದೇವರ ದಯೆ.

"ಎಲ್ಲರೂ ಓಡಿದರು. ನಾನು ಮಾರಿದ ಹುಂಜ ಅದು, ಬಾಳು ಕಟ್ಟಿಕೊಂಡೇ ಅಲೆಯುತ್ತಿತ್ತು. ಗೋಣಿ ಹಾಕಿ ಹಿಡಿದು ಮನೆಗೆ ತಂದೆ. ಹೇಳುವ ಅಂದರೆ ಭಯ. ನಿನ್ನ ತಮ್ಮನನ್ನು ಕೊಂದ ಹುಂಜ ಒಬ್ಬ ಬ್ಯಾರಿಯ ಮನೆಯಲ್ಲಿ ಉಂಟು ಅಂತ ಗೊತ್ತಾದರೆ ನಮ್ಮ ಮನೆ ಉಳಿಯುತ್ತಿತ್ತಾ? ಕಾಲ ಹಾಗಿತ್ತಲ್ಲ. ಕೊಲ್ಲಲಿಕ್ಕೆ ಮನಸ್ಸು ಬರಲಿಲ್ಲ. ಅಷ್ಟು ಒಳ್ಳೆಯ ಜಾತಿ. ಮರಿ ಮಾಡಿಸಿದೆ." ಅವನು ಉಸಿರೆಳೆದುಕೊಂಡ. "ನೀನು ಕೊಂಡುಹೋದದ್ದೆಲ್ಲ ಅದರ ಮೊಮ್ಮಕ್ಕಳು. ಗೆದ್ದದ್ದು ಆಕಾಶದಿಂದಲ್ಲ, ರಕ್ತದಿಂದ."

ಪರ್ಕಳದ ಏರು ಬಂತು. ಗೇರು ಬದಲಿಸುವಾಗ ತಾರಾನಾಥನ ದನಿ ಕೇಳಿತು, ಮಗುವಿನ ದನಿಯಂತಿತ್ತು.

"ಕಟ್ಟು? ನೀನು ಕಟ್ಟು ನೋಡಿದೆಯಾ ಮೂಸಾ?"

"ನೋಡದೆ? ಬಿಚ್ಚಿದ್ದೇ ನಾನು. ಅಲ್ಲ, ಬಿಚ್ಚಲಿಕ್ಕೆ ಆಗಲಿಲ್ಲ. ಉಗುರು ಕಿತ್ತು ಬಂತು. ಕಡೆಗೆ ಬ್ಲೇಡಿನಲ್ಲಿ ಕೊಯ್ದೆ. ಅಷ್ಟು ಹಾರಿ, ಅಷ್ಟು ಕೊಂದು ಬಂದರೂ ಬಾಳು ಒಂದು ಕೂದಲಿನಷ್ಟು ಅಲುಗಿರಲಿಲ್ಲ. ನಿನ್ನ ಕಟ್ಟು ಅಲ್ವಾ ಅಣ್ಣ."

ಕನ್ನಡಿಯಲ್ಲಿ ತಾರಾನಾಥನ ಮುಖ ಅರಳಿತು. ಎಂಟು ವರ್ಷದಿಂದ ಹೊತ್ತದ್ದು ಇಳಿದು, ಕತ್ತು ನೆಟ್ಟಗಾಯಿತು. ನನಗೂ ಬೊಬ್ಬೆ ಹೊಡೆಯಬೇಕೆನ್ನಿಸಿತು. ಏರು ಮುಗಿಯುವಷ್ಟು ಹೊತ್ತು ಆ ಮುಖ ಹಾಗೇ ಇತ್ತು. ಆಮೇಲೆ ಅವನಿಗೆ ಅರ್ಥವಾಯಿತು. ಅರ್ಥವಾಗುವುದು ನನಗೆ ಕಾಣುತ್ತಿತ್ತು. ಬೇರೆ ಯಾರು ಕಟ್ಟಿದ್ದರೂ ಅಷ್ಟರಲ್ಲಿ ಆ ಬಾಳು ಸಡಿಲವಾಗಿ ಜೋತು ಬೀಳುತ್ತಿತ್ತು. ಹುಡುಗನಿಗೆ ಗೀರಾಗುತ್ತಿತ್ತು, ಅಷ್ಟೆ. ಸರಿಯಾಗಿ ಕಟ್ಟಿದ್ದರಿಂದಲೇ ಅದು ಕೊನೆಯ ಹಾರಿಕೆಯವರೆಗೂ ನೆಟ್ಟಗೆ ನಿಂತಿತ್ತು. ತಾರಾನಾಥನ ಬಾಯಿಯಿಂದ ಒಂದು ಸದ್ದು ಬಂತು. ಕೋಳಿ ಅಂಗಡಿಯ ಡ್ರಮ್ಮಿನ ಪಕ್ಕ ಅಷ್ಟು ವರ್ಷ ನಿಂತವನು ನಾನು, ಅಂಥ ಸದ್ದು ಕೇಳಿರಲಿಲ್ಲ. ಆದರೂ ಅವನ ಹೆಬ್ಬೆರಳು ಗಾಯದಿಂದ ಏಳಲಿಲ್ಲ.

ಮೂಸಾ ಬದುಕಿದ. ಬೆರಳು ಸ್ವಲ್ಪ ಜಾರಿದ್ದರೂ ಉಳಿಯುತ್ತಿರಲಿಲ್ಲ ಎಂದು ಮಣಿಪಾಲದ ವೈದ್ಯರು ಹೇಳಿದರು. ಮೂಸಾ ಅವರ ಹತ್ತಿರ ತೋಳಿಗೆ ತಗಡಿನ ಶೀಟು ಬಿತ್ತು ಎಂದ. ಅವರು ನಂಬಲಿಲ್ಲ, ಹೊಲಿದರು. ಮುರಿದ ಮೂಗಿನ ಬೂಬನೂ ಪೊಲೀಸರ ಹತ್ತಿರ ಹೋಗಲಿಲ್ಲ. ತನ್ನ ಕುತ್ತಿಗೆಗೆ ಯಾರ ತೋಳು ಅಡ್ಡ ಬಂತೆಂದು ಅವನಿಗೂ ಗೊತ್ತಿತ್ತು.

ತಾರಾನಾಥ ಆಸ್ಪತ್ರೆಯ ಹೊರಗಿನ ಕಟ್ಟೆಯಲ್ಲಿ ಕೂತಿದ್ದ. ಬೆರಳು ಸೆಟೆದು ಮಡಚಲು ಬರುತ್ತಿರಲಿಲ್ಲ. ನಾನು ಚಹಾ ತಂದು ಕೊಟ್ಟೆ.

"ಅದಕ್ಕೆ ಇದು ಎಂತದೂ ಗೊತ್ತಿಲ್ಲ ಅಲ್ವಾ ಪೊರ್ಬುಗಳೇ?" ಎಂದ.

"ಯಾವುದಕ್ಕೆ?"

"ಆ ಮೇಲಿನದ್ದಕ್ಕೆ. ಪಾಪ, ಅಷ್ಟು ದೂರದಲ್ಲಿ ಚಳಿಯಲ್ಲಿ ತನ್ನಷ್ಟಕ್ಕೆ ಇತ್ತು. ನಾನು ಸುಮ್ಮನೆ ಅದರ ಮೇಲೆ ಹಾಕಿದೆ."

ಆಮೇಲೆ ಅವನು ಯಾವ ಹುಂಜಕ್ಕೂ ಬಾಳು ಕಟ್ಟಲಿಲ್ಲ. ಬೊಳ್ಳೆಗಳನ್ನು ಮೂಸಾನ ಅಂಗಳದಲ್ಲಿ ಬಿಟ್ಟು ಬಂದ, ಅವು ಅಲ್ಲಿ ಮುದಿಯಾದವು. ಅಂಗಡಿ ಮಾತ್ರ ನಡೆಸುತ್ತಿದ್ದಾನೆ. ಜೀವಂತ ಕೋಳಿ ಕೊಂಡವರಿಗೆ ಅದರ ಕಾಲು ಕಟ್ಟಿ ಕೊಡಬೇಕಲ್ಲ, ಅದರದ್ದೇ ತೊಂದರೆ. ಅಲೆವೂರಿನಿಂದ ಹೊರಟ ಬಸ್ಸಿನಲ್ಲಿ ಕೋಳಿ ಬಿಚ್ಚಿಕೊಂಡು ಕಂಡಕ್ಟರನ ತಲೆಯ ಮೇಲೆ ಕೂತಿತೆಂದರೆ ಅದು ತಾರಾನಾಥನ ಅಂಗಡಿಯದ್ದೇ. ಕಳೆದ ವಾರ ನಾನು ಅಲ್ಲೇ ಇರುವಾಗ ಶಿರ್ವದ ತೆರೆಸಾಬಾಯಿ ಓಡಿಹೋದ ಕೋಳಿಯ ಖಾಲಿ ನೂಲು ಹಿಡಿದುಕೊಂಡು ಜಗಳಕ್ಕೆ ಬಂದಿದ್ದರು.

"ನಿನಗೆ ಒಂದು ಗಂಟು ಬಿಗಿಯಾಗಿ ಹಾಕಲಿಕ್ಕೆ ಬರುವುದಿಲ್ಲವಾ?" ಎಂದು ಕೂಗಿದರು.

ತಾರಾನಾಥ ಗೂಡಿನಿಂದ ಇನ್ನೊಂದು ಕೋಳಿ ತೆಗೆದು, ಅದರ ಕಾಲಿಗೂ ಅಷ್ಟೇ ಸಡಿಲವಾಗಿ ನೂಲು ಸುತ್ತಿ ಅವರ ಕೈಗೆ ಕೊಟ್ಟ.

"ಬರ್ತದೆ ಬಾಯಿ," ಎಂದ. "ಒಮ್ಮೆ ಹಾಕಿದ್ದೆ."